ಕಾಂಪೌಂಡಿನೊಳಗಿನ ನೀರು

ನಮ್ಮ ಹಿತ್ತಲಿನಲ್ಲಿ ಈಜುಕೊಳ ತೋಡಿಸುತ್ತಿದ್ದೇವೆ ಎಂದು ಗೊತ್ತಾದ ದಿನದಿಂದ ಬೋಗಾದಿಯ ನಮ್ಮ ಬೀದಿಯವರು ನಮ್ಮನ್ನು ನೋಡುವ ರೀತಿಯೇ ಬದಲಾಯಿತು. ಎದುರುಮನೆಯಾಕೆ ಗೇಟಿನ ಹತ್ತಿರ ನಿಂತು, "ಏನ್ರೀ, ರೆಸಾರ್ಟ್ ಮಾಡ್ತಿದೀರಂತೆ? ನಮಗೂ ಒಂದು ಟಿಕೆಟ್ ಇಟ್ಟಿರಿ" ಎಂದು ನಕ್ಕರು. ಬೇಸಿಗೆ ಬಂದರೆ ನಲ್ಲಿಯಲ್ಲಿ ಗಾಳಿ ಬರುವ ಬಡಾವಣೆ ನಮ್ಮದು. ಅಲ್ಲಿ ಈಜುಕೊಳ ಅಂದರೆ ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ, ನಾನಾಗಿದ್ದರೂ ಉರಿದುಕೊಳ್ಳುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ವರಾಂಡದಿಂದ ಕೂಗಿ ಹೇಳಿದರು: "ನಮ್ಮ ಮಗು ನಡೆಯೋಕೆ ಕಣಮ್ಮ ಅದು. ಟಿಕೆಟ್ ಬೇಕಾದ್ರೆ ನೀನೂ ಒಂದು ಗಾಲಿಕುರ್ಚಿ ತಗೊಂಡು ಬಂದ್ಬುಡು." ಎದುರುಮನೆಯಾಕೆಯ ಮುಖ ಇಷ್ಟೇ ಇಷ್ಟಾಯಿತು. ಪಾಪ ಅನ್ನಿಸಿದರೂ ನನಗೆ ಒಳಗೊಳಗೇ ಖುಷಿಯಾಯಿತು.

ನಮ್ಮ ಒಬ್ಬಳೇ ಮಗಳಿಗೆ ಸ್ನಾಯುಗಳು ಸೊರಗುತ್ತಾ ಹೋಗುವ ಕಾಯಿಲೆ. ಪ್ರೈಮರಿ ಶಾಲೆಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದವಳು, ಆಮೇಲಾಮೇಲೆ ಮೆಟ್ಟಿಲು ಹತ್ತುವಾಗ ಕೈಯಿಂದ ತೊಡೆ ಒತ್ತಿಕೊಂಡು ಹತ್ತತೊಡಗಿದಳು. ಹೈಸ್ಕೂಲಿಗೆ ಬರುವಷ್ಟರಲ್ಲಿ ಗಾಲಿಕುರ್ಚಿ ಬಂತು. ಅವಳಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಒಂದು ದಿನ ಹೇಳಿದರು: ನೆಲದ ಮೇಲೆ ಈ ಕಾಲುಗಳು ಇವಳ ಭಾರ ಹೊರುವುದಿಲ್ಲ, ಆದರೆ ಎದೆಮಟ್ಟದ ನೀರಿನಲ್ಲಿ ಹೊರಬಹುದು. ದಿನಾ ನೀರಿನಲ್ಲಿ ನಡೆಸಿದರೆ ಈಗಿರುವ ಶಕ್ತಿ ಇನ್ನಷ್ಟು ಕಾಲ ಉಳಿಯಬಹುದು. "ಆದ್ರೆ ಶುರು ಮಾಡಿದ ಮೇಲೆ ನಿಲ್ಲಿಸಬೇಡಿ. ಈ ಕಾಯಿಲೇಲಿ ಹೋಗಿದ್ದು ವಾಪಸ್ ಬರಲ್ಲ" ಅಂದರು.

ಊರಿನಲ್ಲಿರುವ ಕೊಳಗಳನ್ನು ಹುಡುಕಿಕೊಂಡು ಹೋದೆವು. ಎಲ್ಲಿ ನೋಡಿದರೂ ಇಳಿಯಲು ಕಬ್ಬಿಣದ ಏಣಿ. ಹೆಂಗಸರ ಬ್ಯಾಚಿಗೆ ನನ್ನ ಗಂಡ ಬರುವಂತಿಲ್ಲ, ನನ್ನೊಬ್ಬಳ ಕೈಯಲ್ಲಿ ಅವಳನ್ನು ಎತ್ತಿ ಇಳಿಸಲಾಗದು. ಒಂದೇ ಒಂದು ಸಲ ಗಂಡಸರ ಹೊತ್ತಿನಲ್ಲಿ ಬೇಡಿಕೊಂಡು ಒಳಗೆ ಹೋಗಿ, ಅವರಪ್ಪ ಅವಳನ್ನು ಎತ್ತಿಕೊಂಡು ಏಣಿ ಇಳಿದರು. ದಡದ ಮೇಲಿದ್ದವರೆಲ್ಲ ಅವಳನ್ನೇ ನೋಡುತ್ತಾ ನಿಂತರು. ಮನೆಗೆ ಬಂದವಳು ಇನ್ನು ಅಲ್ಲಿಗೆ ಬರುವುದಿಲ್ಲ ಎಂದುಬಿಟ್ಟಳು.

ಹಿತ್ತಲು ಅತ್ತೆಯ ಸಾಮ್ರಾಜ್ಯ. ಕರಿಬೇವಿನ ಮರ, ದಾಸವಾಳ, ದೊಡ್ಡಪತ್ರೆ, ಗೋಡೆಗೆ ಹಬ್ಬಿಸಿದ ತೊಂಡೆಬಳ್ಳಿ. ಬೀದಿಯವರೆಲ್ಲ ಒಗ್ಗರಣೆಗೆ ಕರಿಬೇವು ಕೇಳಿಕೊಂಡು ಬರುತ್ತಿದ್ದದ್ದು ಅಲ್ಲಿಗೇ, ಒಂದು ಎಸಳು ಜಾಸ್ತಿ ಕಿತ್ತರೂ ಅತ್ತೆಗೆ ಗೊತ್ತಾಗುತ್ತಿತ್ತು. ಅಂಥವರು ಸಂಜೆ ಕಾಫಿ ಕುಡಿಯುತ್ತಾ, "ಹಿತ್ತಲು ತೆಗೆದುಬಿಡ್ರೋ" ಎಂದರು. ನನ್ನ ಗಂಡ ಬೇಡಮ್ಮ ಅಂತ ಏನೋ ಹೇಳಲು ಹೋದರು. "ಕರಿಬೇವು ಅಂಗಡೀಲಿ ಸಿಗುತ್ತೆ ಕಣೋ. ಕಾಲು ಸಿಗುತ್ತಾ?" ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು.

ಮನಸ್ಸು ದೊಡ್ಡದು ನಿಜ, ಹಾಗಂತ ಶಾಸ್ತ್ರ ಬಿಡುವ ಹೆಂಗಸಲ್ಲ. ನೀರು ಈಶಾನ್ಯದಲ್ಲೇ ಇರಬೇಕು ಎಂದು ಹಟ ಹಿಡಿದರು. ಕಂಟ್ರಾಕ್ಟರು ಬಿಸಿಲು ಬೀಳುವ ಮೂಲೆ ತೋರಿಸಿದ, ಪೈಪಿನ ದಾರಿ ತೋರಿಸಿದ, ತಲೆಯನ್ನೂ ಚಚ್ಚಿಕೊಂಡ. ಕೊನೆಗೆ ಈಶಾನ್ಯದಲ್ಲೇ ಅಗೆದ. ಅದಕ್ಕೂ ಆಷಾಢ ಕಳೆಯುವವರೆಗೆ ಅತ್ತೆ ಗುದ್ದಲಿ ಮುಟ್ಟಲು ಬಿಡಲಿಲ್ಲ. ಶ್ರಾವಣದಲ್ಲಿ ಅಗೆತ ಶುರುವಾಗಿ ಸೊಂಟದ ಆಳಕ್ಕೆ ಬಂಡೆ ಸಿಕ್ಕಿತು. ಅದನ್ನು ಒಡೆಯುವ ಮೆಷಿನ್ನಿನ ಸದ್ದಿಗೆ ಇಡೀ ಬೀದಿ ನಮಗೆ ಶಾಪ ಹಾಕಿತು. ಮಗಳು ಮಾತ್ರ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಕೊಳ ಎಷ್ಟು ಆಳ ಇರಬೇಕು ಎಂದು ಕಂಟ್ರಾಕ್ಟರು ಕೇಳಿದಾಗ ನನ್ನ ಗಂಡ ಅವಳನ್ನು ಕಂಕುಳಲ್ಲಿ ಕೈಕೊಟ್ಟು ಗೋಡೆಗೆ ನಿಲ್ಲಿಸಿದರು, ನಾನು ಅವಳ ಎದೆಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಏಣಿಯ ಬದಲು ಗಾಲಿಕುರ್ಚಿ ಇಳಿಯುವ ಇಳಿಜಾರು ಮಾಡಿಸಿದೆವು. ಟೈಲ್ಸ್ ಯಾವ ಬಣ್ಣ ಅಂತ ಕೇಳಿದ್ದಕ್ಕೆ ಎಲ್ಲರ ಹಾಗೆ ನೀಲಿ ಬೇಡ, ಎಳೆ ಮಾವಿನೆಲೆಯ ಬಣ್ಣ ಬೇಕು ಎಂದಳು. ಅಂಥದ್ದು ಸಿಗಲು ಎಷ್ಟು ಅಂಗಡಿ ಅಲೆದೆವೋ.

ನೀರು ತುಂಬಿದ ದಿನ ಗಂಗೆಪೂಜೆ. ಅತ್ತೆ ನನ್ನ ಕೈಯಿಂದ ಅರಿಶಿನ, ಕುಂಕುಮ, ಒಂದು ಮೊರದಷ್ಟು ಸೇವಂತಿಗೆ, ಎಲ್ಲವನ್ನೂ ಕೊಳಕ್ಕೆ ಹಾಕಿಸಿದರು. ಸೇವಂತಿಗೆ ಎಸಳೆಲ್ಲ ಫಿಲ್ಟರಿಗೆ ಸಿಕ್ಕಿಕೊಂಡು ಮೋಟಾರು ಕೆಟ್ಟಿತು. ಕಂಟ್ರಾಕ್ಟರು ಬಂದು ಕೂಗಾಡಿದ. "ಗಂಗಮ್ಮನಿಗೆ ಹೂವು ಕೊಡದೆ ಏನು ಕ್ಲೋರಿನ್ ಕೊಡ್ಲಾ?" ಎಂದು ಅತ್ತೆ ಅವನಿಗೇ ಜೋರು ಮಾಡಿದರು. ಅವನಿಗೆ ಪಾಯಸ ಕೊಟ್ಟು ಕಳಿಸಿದೆವು.

ಮಗಳ ಜೊತೆ ನೀರಿಗೆ ಇಳಿಯಲು ನಾನು ಸಿದ್ಧಳಾಗಿದ್ದೆ. ಆದರೆ ಅತ್ತೆ ತಾವೇ ಇಳಿಯುತ್ತೇನೆಂದರು. ಅವರ ಮಂಡಿಯೂ ಹಾಳಾಗಿತ್ತು, ಅದು ಅವರು ಕೊಟ್ಟ ನೆಪ. ಮೊದಲ ದಿನ ಕಚ್ಚೆ ಹಾಕಿಕೊಂಡು ಸೀರೆಯಲ್ಲೇ ಇಳಿದರು. ಸೀರೆಯೊಳಗೆ ಗಾಳಿ ತುಂಬಿಕೊಂಡು ಉಬ್ಬಿ, ಅತ್ತೆ ಪೂರಿಯ ಹಾಗೆ ತೇಲಿದರು. ಮಗಳು ನಕ್ಕೂ ನಕ್ಕೂ ಬಿಕ್ಕಳಿಸಿದಳು. ಮರುದಿನದಿಂದ ನನ್ನ ನೈಟಿ, ಅದರೊಳಗೆ ನನ್ನ ಗಂಡನ ಹಳೆಯ ಟ್ರ್ಯಾಕ್ ಪ್ಯಾಂಟು. ಯಾರಾದರೂ ನೋಡಿಯಾರು ಎಂದು ಹಿತ್ತಲ ಗೋಡೆಗೆ ಹಸಿರು ಬಟ್ಟೆ ಕಟ್ಟಿಸಿದರು.

ಅವಳು ನೀರಿನಲ್ಲಿ ನಡೆದಳು. ಇದನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಾಗುತ್ತಿಲ್ಲ. ಮೊದಮೊದಲು ಅಜ್ಜಿಯ ಎರಡೂ ಕೈ ಹಿಡಿದು, ಆಮೇಲೆ ಒಂದೇ ಕೈ ಹಿಡಿದು. ಒಂದು ಬೆಳಿಗ್ಗೆ ನಾನು ಇಡ್ಲಿ ಪಾತ್ರೆ ಇಳಿಸುತ್ತಿದ್ದಾಗ ಅತ್ತೆ "ಬಾರೇ, ಬಾರೇ ಇಲ್ಲಿ" ಎಂದು ಕಿರುಚಿದರು. ಏನೋ ಆಗಿಹೋಯಿತು ಎಂದು ಓಡಿದೆ. ಅವಳು ಒಬ್ಬಳೇ ಕೊಳದ ಆ ಬದಿಯಿಂದ ಈ ಬದಿಗೆ ಬರುತ್ತಿದ್ದಳು, ತುಟಿ ಕಚ್ಚಿಕೊಂಡು, ಕಣ್ಣು ನೀರಿನ ಮೇಲಿಟ್ಟು. ನನ್ನ ಮಗಳು ಎದ್ದು ನಿಂತರೆ ನನ್ನ ಭುಜದವರೆಗೆ ಬರುತ್ತಾಳೆ ಎಂಬುದು ಗೋಡೆಗೆ ನಿಲ್ಲಿಸಿ ಗೀಟು ಹಾಕಿದಾಗಲೂ ಹೊಳೆದಿರಲಿಲ್ಲ, ಹೊಳೆದದ್ದೇ ಆವತ್ತು. ಕೂತೇ ಅಷ್ಟು ಬೆಳೆದುಬಿಟ್ಟಿದ್ದಳು. ನನ್ನ ಗಂಡ ಆಫೀಸಿಗೆ ರಜಾ ಹಾಕಿ ಇಡೀ ದಿನ ಅವಳನ್ನು ನೋಡುತ್ತಾ ಕೂತರು.

ಹಾಗೆ ಒಂದು ವರ್ಷ ಹತ್ತಿರ ಹತ್ತಿರ ನಡೆಯಿತು. ಮುಂದಿನ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಅತ್ತೆ ಊಟ ಮಾಡಿ, ಎದೆ ಹಿಡಿದಂತಾಗುತ್ತೆ ಎಂದು ಮಲಗಿದವರು ಏಳಲಿಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಅತ್ತೆಗಾಗಿ ಸರಿಯಾಗಿ ಅಳುವ ಮೊದಲೇ ಪುರೋಹಿತರು ಪಂಚಾಂಗ ತೆಗೆದು ನಕ್ಷತ್ರ ನೋಡಿದರು. ಧನಿಷ್ಠಾ ಪಂಚಕ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ನಕ್ಷತ್ರಗಳಲ್ಲಿ ಸಾವಾದ ಮನೆಯನ್ನು ಬಿಟ್ಟು ಹೋಗಬೇಕು, ಬಾಗಿಲಿಗೆ ಬೀಗ ಹಾಕಿ ಮುಳ್ಳು ಇಡಬೇಕು, ಆರು ತಿಂಗಳು ಯಾರೂ ಒಳಗೆ ಕಾಲಿಡಬಾರದು. ಇಟ್ಟರೆ ಆ ಮನೆಯಲ್ಲಿ ಇನ್ನೊಂದು ಸಾವು ಎನ್ನುತ್ತಾರೆ. ನಮ್ಮ ಮಾವ ಅಗ್ರಹಾರದ ಹಳೆಯ ಮನೆಯಲ್ಲಿ ತೀರಿಕೊಂಡಾಗಲೂ ಹೀಗೇ ಯಾವುದೋ ನಕ್ಷತ್ರ ಬಂದು, ಅತ್ತೆ ತಾವೇ ಬೀಗ ಹಾಕಿ ಮೂರು ತಿಂಗಳು ಹೊರಗಿದ್ದರು. ಒಂದು ಪಾತ್ರೆಗೆಂದೂ ಬಾಗಿಲು ತೆಗೆದವರಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಚಾಮರಾಜಪುರಂನಲ್ಲಿರುವ ನನ್ನ ಭಾವನ ಮನೆಗೆ ಹೋಗುವುದೆಂದಾಯಿತು. ನಾನು ಗಂಡನ ಹತ್ತಿರ ಹೇಳಿದೆ, ಮನೆ ಮುಚ್ಚೋಣ, ಬೇಡ ಅನ್ನಲ್ಲ. ಆದರೆ ಕೊಳ ಮನೆಯ ಒಳಗಿಲ್ಲವಲ್ಲ. ಹಿತ್ತಲಿಗೆ ಪಕ್ಕದ ಗೇಟಿದೆ. ದಿನಾ ಬೆಳಿಗ್ಗೆ ಆಟೋದಲ್ಲಿ ಬಂದು, ಅಲ್ಲಿಂದಲೇ ನೀರಿಗಿಳಿಸಿ, ಅಲ್ಲಿಂದಲೇ ಹೊರಟುಬಿಡೋಣ. ಅವರು ಪುರೋಹಿತರನ್ನು ಕೇಳಿದರು. ಪುರೋಹಿತರು, ಕಾಂಪೌಂಡಿನೊಳಗೆ ಇರುವುದೆಲ್ಲ ಮನೆಯೇ ಎಂದರು. ಇನ್ನೊಬ್ಬರನ್ನು ಕೇಳಿದೆವು. ಸೂರು ಇಲ್ಲದ ಜಾಗಕ್ಕೆ ದೋಷ ಇಲ್ಲ ಎಂದು ಅವರು ಹೇಳಿದರು. ನನಗೆ ಈ ಎರಡನೆಯವರು ಮಹಾ ಪಂಡಿತರಂತೆ ಕಂಡರು.

ಗಂಡ ಒಪ್ಪಲಿಲ್ಲ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ನಾಲ್ಕಕ್ಷರ ಕಲಿತವರು, ನಾಚಿಕೆಯಾಗಬೇಕು ನಿಮಗೆ ಎಂದೆ. ಫಿಸಿಯೋಥೆರಪಿಸ್ಟ್ ನಿಲ್ಲಿಸಬೇಡಿ ಅಂದದ್ದು ಕೇಳಿಸಲಿಲ್ಲವೇ ಎಂದೆ. ಅವರು ತೀರಾ ಸಣ್ಣ ದನಿಯಲ್ಲಿ, "ಇನ್ನೊಂದು ಸಾವು ಅಂತಾರಲ್ಲ ಕಣೇ. ನಮ್ಮನೇಲಿ ಆ ಇನ್ನೊಬ್ರು ಯಾರು ಅಂತ ನಂಗೆ ಗೊತ್ತು. ನಿಂಗೂ ಗೊತ್ತು" ಎಂದರು. ನಾನು ಎದ್ದು ಮಗಳ ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬತೊಡಗಿದೆ. ಅವರಿಗೆ ಶಾಸ್ತ್ರದ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಇದ್ದದ್ದು ಭಯ. ಆ ಭಯಕ್ಕೆ ಉತ್ತರ ಕೊಡುವ ಡಾಕ್ಟರು ಯಾರೂ ಇಲ್ಲ.

ಬಾಗಿಲಿಗೆ ಜಾಲಿಮುಳ್ಳು ಇಟ್ಟು ಹೊರಟೆವು. ಭಾವನ ಮನೆಯಲ್ಲಿ ನಮಗೆ ಮುಂದಿನ ಕೋಣೆ ಬಿಟ್ಟುಕೊಟ್ಟರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಫಿಸಿಯೋಥೆರಪಿಸ್ಟ್ ಅಲ್ಲಿಗೇ ಬಂದು ಚಾಪೆಯ ಮೇಲೆ ಕಾಲು ಮಡಿಸಿ ಚಾಚಿಸುತ್ತಿದ್ದರು. ಬೇರೆ ಕೊಳಕ್ಕೆ ಹೋಗೋಣವೇ ಎಂದರೆ ಮಗಳು ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನನಗೆ ತಡೆಯಲಾಗಲಿಲ್ಲ. ಗಂಡ ಬ್ಯಾಂಕಿಗೆ ಹೋದ ಮೇಲೆ ಅವರ ಕಪಾಟಿನಿಂದ ಪಕ್ಕದ ಗೇಟಿನ ಕೀ ತೆಗೆದುಕೊಂಡು, ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಬೋಗಾದಿಗೆ ಹೋದೆ. ಗೇಟಿನ ಸರಳುಗಳ ನಡುವೆ ಕೊಳ ಕಾಣುತ್ತಿತ್ತು. ನೀರಿನ ಮೇಲೆ ಪಕ್ಕದ ಮನೆಯ ನುಗ್ಗೆಮರದ ಎಲೆಯೆಲ್ಲ ಬಿದ್ದಿತ್ತು. ನಾನು ಬೀಗಕ್ಕೆ ಕೀ ಹಾಕಿದೆ. ಮಗಳು ನನ್ನ ಸೆರಗು ಹಿಡಿದುಕೊಂಡಳು.

"ಬೇಡಮ್ಮ. ಅಪ್ಪ ಹೆದರ್ಕೋತಾರೆ."

"ಅಪ್ಪನಿಗೆ ಹೇಳೋರ್ಯಾರು?"

"ನಾನು ಚೆನ್ನಾಗೇ ಇದ್ರೂ ಹೆದರ್ಕೋತಾನೇ ಇರ್ತಾರೆ ಆಮೇಲೆ. ಆರು ತಿಂಗಳು ತಾನೆ? ಕಾಯ್ತೀನಿ."

ಆಟೋದವರು ಗಾಡಿ ತಿರುಗಿಸಿದರು. ದಾರಿಯುದ್ದಕ್ಕೂ ನಾನು ಅಳುತ್ತಲೇ ಇದ್ದೆ. ಅವಳು ನನ್ನ ಬೆನ್ನು ಸವರುತ್ತಿದ್ದಳು, ಹೆತ್ತವಳು ಅವಳೇ ಏನೋ ಎಂಬಂತೆ.

ವೈಶಾಖದಲ್ಲಿ ಶಾಂತಿ ಮಾಡಿಸಿ, ಮುಳ್ಳು ತೆಗೆದು ಒಳಗೆ ಬಂದೆವು. ಅವರಪ್ಪ ಮೊದಲು ಹೋದದ್ದು ದೇವರ ಮನೆಗಲ್ಲ, ಕೊಳಕ್ಕೆ. ನೀರು ಪಾಚಿಗಟ್ಟಿ ಕಪ್ಪೆಗಳು ಸಂಸಾರ ಹೂಡಿದ್ದವು. ಆಳುಗಳಿಗೂ ಕಾಯದೆ ಪ್ಯಾಂಟು ಮಡಚಿ ತಾವೇ ಬ್ರಷ್ಷು ಹಿಡಿದು ಉಜ್ಜಿದರು, ಅಂಗೈ ಬೊಬ್ಬೆ ಬರುವವರೆಗೆ. ಟ್ಯಾಂಕರಿನಿಂದ ಹೊಸ ನೀರು ಬಂತು.

ಅವಳನ್ನು ನೀರಿಗಿಳಿಸಿ ಅವರಪ್ಪ ಕಂಕುಳ ಹಿಡಿದು ನಿಲ್ಲಿಸಿದರು. ಮಂಡಿಗಳು ಮಡಿಸಿಕೊಂಡವು. ಮೊದಲ ದಿನ ತಾನೆ ಎಂದೆವು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ನೀರನ್ನು ಬೆಚ್ಚಗೆ ಮಾಡಿ ನೋಡಿದೆವು, ಸೊಂಟಕ್ಕೆ ಬೆಲ್ಟು ಕಟ್ಟಿ ನೋಡಿದೆವು. ಅವಳು ತುಟಿ ಕಚ್ಚಿಕೊಂಡು ಕಾಲಿಗೆ ಹೇಳುತ್ತಿದ್ದಳು, ಕಾಲು ಕೇಳುತ್ತಿರಲಿಲ್ಲ. ಫಿಸಿಯೋಥೆರಪಿಸ್ಟ್ ಬಂದು ಬಹಳ ಹೊತ್ತು ಪರೀಕ್ಷೆ ಮಾಡಿದರು. ವರಾಂಡದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನನ್ನ ಗಂಡ ಅವರ ಹಿಂದೆಯೇ ಹೋಗಿ, "ನಾವು ನಿಲ್ಲಿಸದೇ ಇದ್ದಿದ್ರೆ?" ಎಂದು ಕೇಳಿದರು.

"ಕಾಯಿಲೆ ಹೇಗೂ ಮುಂದುವರೀತಿತ್ತು ಸಾರ್. ಹೇಳೋಕಾಗಲ್ಲ" ಎಂದರು ಆ ಮನುಷ್ಯ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹೌದು ಎಂದೋ ಇಲ್ಲ ಎಂದೋ ಯಾವುದಾದರೊಂದನ್ನು ಹೇಳಿಬಿಟ್ಟಿದ್ದರೆ ನಮ್ಮ ಮನೆಯಲ್ಲಿ ಇಬ್ಬರು ನಿದ್ದೆ ಮಾಡಬಹುದಿತ್ತು.

ನನ್ನ ಗಂಡ ಕೆಟ್ಟವರಲ್ಲ. ಅವಳು ಸಾಯಬಾರದು ಎಂದು ಮಾಡಿದ್ದು ಅದು, ಅವಳು ಬದುಕಿದ್ದಾಳೆ. ಇದನ್ನು ನಾನು ದಿನಕ್ಕೆ ಹಲವು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಅವರ ತಟ್ಟೆಗೆ ಅನ್ನ ಬಡಿಸುವಾಗ ಒಂದೊಂದು ದಿನ ಸಿಟ್ಟಿನಿಂದ ಸೌಟನ್ನು ತಟ್ಟೆಗೆ ಕುಟ್ಟಿಬಿಡುತ್ತೇನೆ. ಅದು ಅವರಿಗೂ ಕಾಣುತ್ತದೆ.

ಮಳೆಗಾಲ ಶುರುವಾಗುವ ಮೊದಲು, ಒಂದು ಸಂಜೆ. ಅವರು ಬ್ಯಾಂಕಿನಿಂದ ಬಂದವರೇ ಬಟ್ಟೆ ಬದಲಾಯಿಸಿ ನೀರಿಗಿಳಿದು, ಎಂದಿನಂತೆ ಎರಡೂ ಕೈ ಚಾಚಿ ನಿಂತರು. ನಾನು ಗಾಲಿಕುರ್ಚಿಯನ್ನು ಇಳಿಜಾರಿನ ತುದಿಗೆ ತಂದೆ. ಮಗಳು ಚಕ್ರ ಹಿಡಿದುಕೊಂಡು ನಿಲ್ಲಿಸಿದಳು.

"ಇವತ್ತು ಬೇಡಪ್ಪ" ಎಂದಳು.

"ಸರಿ ಪುಟ್ಟ. ನಾಳೆ ಮಾಡೋಣ."

"ನಾಳೇನೂ ಬೇಡಪ್ಪ."

ಕೋಪವಿರಲಿಲ್ಲ ಅವಳ ದನಿಯಲ್ಲಿ. ಅಪ್ಪನಿಗೆ ನೋವಾಗದ ಹಾಗೆ ಹೇಳಬೇಕೆಂದು ಎಷ್ಟು ದಿನದಿಂದ ಯೋಚಿಸಿದ್ದಳೋ ಏನೋ. ತಾನೇ ಕುರ್ಚಿ ತಿರುಗಿಸಿಕೊಂಡು ಒಳಗೆ ಹೋಗಿ ಟೀವಿ ಹಾಕಿಕೊಂಡಳು. ಅವರು ಅವಳ ಎದೆಯ ಮಟ್ಟಕ್ಕೆ ಅಳೆದ ನೀರಿನಲ್ಲಿ ಹಾಗೇ ನಿಂತಿದ್ದರು, ಚಾಚಿದ ಕೈಗಳನ್ನು ಇಳಿಸುವುದಕ್ಕೂ ಮರೆತವರ ಹಾಗೆ. ಹತ್ತಿ ಬರಲಿಲ್ಲ. ನಾನೂ ಕರೆಯಲಿಲ್ಲ.