ಚೀಟಿ ನನ್ನದು, ಡಾಲರ್ ನನ್ನದಲ್ಲ

ಓದಿದವನಿಗೆ ಆ ಕಣ್ಣು ಈ ಜನ್ಮದಲ್ಲಿ ಬರುವುದಿಲ್ಲ ಎಂದು ಹೇಳಿದವರು ನನ್ನ ಸೋದರಮಾವ. ಕಂಪಲಾಪುರದ ಸುತ್ತಿನ ಹಳ್ಳಿಗಳಲ್ಲಿ ಹೊಗೆಸೊಪ್ಪು ವಿಂಗಡಿಸುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಬ್ಯಾರನ್ ಎನ್ನುವ ಸೊಪ್ಪಿನ ಮನೆಯ ಶಾಖದಲ್ಲಿ ಬೆಂದು ಹಳದಿಯಾದ ಎಲೆಯನ್ನು ಬಾಗಿಲ ಬೆಳಕಿಗೆ ಒಮ್ಮೆ ಹಿಡಿದು, ಹೆಬ್ಬೆರಳಿನಿಂದ ಒಮ್ಮೆ ಸವರಿ, ಯಾವ ಗುಡ್ಡೆಗೆ ಸೇರಬೇಕೋ ಆ ಗುಡ್ಡೆಗೆ ಎಸೆಯುತ್ತಿದ್ದರು. ನಾನು ವಿಂಗಡಿಸಿದ ಗುಡ್ಡೆಯನ್ನು ಮಾತ್ರ ಇನ್ನೊಂದು ಸಲ ಕಲಸಿ ಮೊದಲಿನಿಂದ ವಿಂಗಡಿಸುತ್ತಿದ್ದರು. ಅಂಥ ನಾನು ಅಮೆರಿಕದ ಹಳೇ ನಾಣ್ಯಗಳಿಗೆ ಗ್ರೇಡ್ ಕೊಡುತ್ತೇನೆಂದು ಭೂತಗನ್ನಡಿ ಹಿಡಿದು ಜಗಲಿಯಲ್ಲಿ ಕೂತರೆ ಅವರಿಗೆ ನಗು ಬರದೆ ಇರುತ್ತದೆಯೇ?

"ಓದಿ ಪಾಸಾಗ್ಬೋದು ಅಳೀಮಯ್ಯ, ಬ್ಯಾಡ ಅನ್ನಲ್ಲ. ಗ್ರೇಡು ಮಾಡೋ ಕಣ್ಣು ಓದಿದ್ರೆ ಬರಕಿಲ್ಲ ಕಣ್ಲಾ," ಅಂದಿದ್ದರು.

ನಾನು ಆಗ ಹುಣಸೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ನಮ್ಮ ಮನೆಯಲ್ಲಿ ಏಳನೇ ಕ್ಲಾಸು ದಾಟಿದವನು ನಾನೊಬ್ಬನೇ. ಅಪ್ಪ ಸಹಿ ಹಾಕುವಾಗ ಈಗಲೂ ನಾಲಗೆ ಕಚ್ಚಿಕೊಳ್ಳುತ್ತಾರೆ. ಹಾಗಿರುವಾಗ ಕಾಲೇಜಿನ ಮೆಟ್ಟಿಲು ಹತ್ತಿದ ಜಂಬ ನನಗೂ ಇತ್ತು. ಮಾವನ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಅಮೆರಿಕದ ನಾಣ್ಯ ನಮ್ಮ ಹಳ್ಳಿಗೆ ಹೇಗೆ ಬಂತೆಂದು ಹೇಳಬೇಕು. ನನ್ನ ತಾತ ಕೊಡಗಿನ ಒಂದು ಕಾಫಿ ಎಸ್ಟೇಟಿನಲ್ಲಿ ಅಡುಗೆ ಮಾಡಿಕೊಂಡಿದ್ದವರು. ಯುದ್ಧದ ಕಾಲದಲ್ಲಿ ಅಲ್ಲಿಗೆ ರಜೆಗೆಂದು ಬಂದ ಅಮೆರಿಕದ ಸೋಲ್ಜರುಗಳು ಊಟ ಮೆಚ್ಚಿ ಕೊಟ್ಟುಹೋದ ಕಾಸುಗಳನ್ನು ತಾತ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. ಅದರಲ್ಲಿ 1921ರ ಎರಡು ಬೆಳ್ಳಿ ಡಾಲರುಗಳಿದ್ದವು. ಒಂದು ಕಡೆ ಹೆಣ್ಣಿನ ಮುಖ, ಇನ್ನೊಂದು ಕಡೆ ಹದ್ದು. ಒಂದು ಹೊಸದರಂತೆ ಹೊಳೆಯುತ್ತಿತ್ತು. ಇನ್ನೊಂದು ಎಷ್ಟು ಕೈ ಬದಲಿಸಿತ್ತೋ, ಹದ್ದಿನ ಎದೆಯ ಮೇಲೆ ಒಂದು ಗರಿಯೂ ಉಳಿದಿರಲಿಲ್ಲ.

ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ಈ ಡಬ್ಬಿ ತೋರಿಸಿದೆ. ಅವನು ಕೃಷ್ಣರಾಜನಗರದವನು, ಹುಣಸೂರಿನ ಹಾಸ್ಟೆಲಿನಲ್ಲಿದ್ದ. ಹುಚ್ಚು ಇಬ್ಬರಿಗೂ ಒಟ್ಟಿಗೆ ಹತ್ತಿತು. ಮೈಸೂರಿನಲ್ಲಿ ನಾಣ್ಯ ಸಂಗ್ರಹಿಸುವವರ ಒಂದು ಸಣ್ಣ ಸಂಘವಿತ್ತು. ಅಲ್ಲಿಂದ ಗ್ರೇಡಿಂಗ್ ಪುಸ್ತಕದ ಜೆರಾಕ್ಸ್ ತಂದವನು ಅವನು. ಡಿಕ್ಷನರಿ ಇಟ್ಟುಕೊಂಡು ಸಾಲು ಸಾಲಾಗಿ ಅರ್ಥ ಬರೆದವನು ನಾನು. ಅಮೆರಿಕದವರು ನಾಣ್ಯಕ್ಕೆ ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಡುತ್ತಾರೆ. ಯಾರ ಕೈಗೂ ಸಿಕ್ಕದೆ ಟಂಕಸಾಲೆಯಿಂದ ಬಂದಂತೆಯೇ ಇದ್ದರೆ ಅರವತ್ತರ ಮೇಲೆ. ಸವೆದಂತೆಲ್ಲ ಇಳಿಯುತ್ತಾ ಹೋಗುತ್ತದೆ. ಇದನ್ನು ವಿವರಿಸಿದಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ, ಪಾಸಾಗಕ್ಕೆ ಎಷ್ಟು ಬೇಕು ಅಂತ.

ಪುಸ್ತಕದಲ್ಲಿದ್ದ ಒಂದು ಮಾತು ನಮಗೆ ತಡವಾಗಿ ಸಿಕ್ಕಿತು. ಗೌರಿ ಹಬ್ಬಕ್ಕೆ ಹಿತ್ತಾಳೆ ಪಾತ್ರೆ ಬೆಳಗುವಾಗ ನನ್ನ ಅವ್ವ ಡಬ್ಬಿಯಲ್ಲಿದ್ದ ಒಂದು ತಾಮ್ರದ ಸೆಂಟು ನಾಣ್ಯವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ ಇಟ್ಟಿದ್ದಳು. ನಾವಿಬ್ಬರೂ ಕುಣಿದಿದ್ದೆವು. ತೊಳೆದ ನಾಣ್ಯ ಸತ್ತ ನಾಣ್ಯ, ಅದಕ್ಕೆ ಅಂಕವೇ ಇಲ್ಲ ಎಂದು ಓದಿದ್ದು ಮಾರನೇ ವಾರ. ಅವ್ವನಿಗೆ ನಾನು ಏನೂ ಹೇಳಲಿಲ್ಲ. ಆ ಸೆಂಟನ್ನು ಮಾತ್ರ ಎಸೆಯದೆ ಇಟ್ಟುಕೊಂಡೆ.

ಶನಿವಾರ ಮಧ್ಯಾಹ್ನ ಗೆಳೆಯ ನಮ್ಮೂರಿಗೆ ಬರುತ್ತಿದ್ದ. ಅವ್ವ ಅವನಿಗೆಂದೇ ಮುದ್ದೆ ಸಣ್ಣದಾಗಿ ಕಟ್ಟುತ್ತಿದ್ದಳು, ಪೇಟೆ ಹುಡುಗ ಅಂತ. ಊಟ ಮುಗಿಸಿ ಟಿಬೆಟಿನವರ ಕ್ಯಾಂಪಿಗೆ ಸೈಕಲ್ ತುಳಿಯುತ್ತಿದ್ದೆವು. ಅಲ್ಲಿ ಸ್ವೆಟರ್ ಅಂಗಡಿಯ ಒಬ್ಬ ಅಜ್ಜಿ, ಮಠ ನೋಡಲು ಬರುವ ಅಮೆರಿಕದವರು ಬಿಟ್ಟುಹೋಗುವ ಚಿಲ್ಲರೆಯನ್ನು ವರ್ಷಗಟ್ಟಲೆ ಒಂದು ಡಬ್ಬದಲ್ಲಿ ತುಂಬಿಸಿಟ್ಟಿದ್ದರು. ನಾವು ಒಯ್ಯುತ್ತಿದ್ದ ಅವರೆಕಾಯಿ, ಸೀಬೆಹಣ್ಣಿಗೆ ಬದಲಾಗಿ ಡಬ್ಬವನ್ನು ನಮ್ಮ ಮುಂದೆ ಸುರಿದು, ಹಳೆಯವನ್ನು ಆರಿಸಿಕೊಳ್ಳಿ ಎನ್ನುತ್ತಿದ್ದರು. ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಒಂದೇ ವರ್ಷದ ಎರಡು ನಾಣ್ಯ ಸಿಕ್ಕರೆ ಇಬ್ಬರಿಗೂ ಒಂದೊಂದು. ಒಬ್ಬರಿಗೊಬ್ಬರು ತೋರಿಸದೆ ಅಂಕವನ್ನು ಚೀಟಿಯಲ್ಲಿ ಬರೆದು, ಬೆಂಕಿಪೊಟ್ಟಣದ ಕೆಳಗಿಟ್ಟು, ಆಮೇಲೆ ಪುಸ್ತಕ ತೆಗೆಯಬೇಕು. ಯಾರ ಅಂಕ ಪುಸ್ತಕಕ್ಕೆ ಹತ್ತಿರವೋ ಅವನು ಮೊದಲು ಆರಿಸಬೇಕು.

ಅವನು ಯಾವಾಗಲೂ ಒಂದು ಮೆಟ್ಟಿಲು ಮೇಲೆ ಬರೆಯುತ್ತಿದ್ದ. ಹೊಳಪು ಕಂಡರೆ ಮರುಳಾಗುತ್ತಿದ್ದ. ನಾನು ಬಾಗಿಲ ಬೆಳಕಿಗೆ ಹಿಡಿದು ಎತ್ತರದ ಜಾಗ ಮಾತ್ರ ನೋಡುತ್ತಿದ್ದೆ; ಕಿವಿಯ ಮೇಲಿನ ಕೂದಲು, ಹದ್ದಿನ ಎದೆ. ಸವೆತ ಮೊದಲು ಅಲ್ಲೇ ಕಾಣುವುದು. ಇದನ್ನು ಯಾರಿಂದ ಕಲಿತೆನೆಂದು ಈಗ ಗೊತ್ತಾಗುತ್ತದೆ, ಆಗ ಒಪ್ಪುತ್ತಿರಲಿಲ್ಲ. ಹೀಗಾಗಿ ಜೋಡಿಯಲ್ಲಿ ಒಳ್ಳೆಯದು ನನಗೇ ಬರುತ್ತಿತ್ತು. ಅವನು ನಗುತ್ತಾ ಉಳಿದದ್ದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಒಂದು ದಿನ ನನಗೇ ಕೆಡುಕೆನಿಸಿ ತಾತನ ಎರಡನೇ ಡಾಲರನ್ನು, ಆ ಸವೆದದ್ದನ್ನು, ಅವನಿಗೆ ಕೊಟ್ಟುಬಿಟ್ಟೆ. ಖುಷಿಯಲ್ಲಿ ಅದನ್ನು ಮೇಲಕ್ಕೆ ಚಿಮ್ಮಿಸಿದ. ಹಿಡಿಯಲಾಗದೆ ಬ್ಯಾರನ್ನಿನ ಕಲ್ಲುಮೆಟ್ಟಿಲ ಮೇಲೆ ಬಿತ್ತು. ಹೆಣ್ಣಿನ ಕತ್ತಿನ ಕೆಳಗೆ, ವರ್ಷ ಬರೆದಿರುವ ಕಡೆ, ಅಂಚು ಸ್ವಲ್ಪ ನೆಗ್ಗಿತು.

"ಮೊದ್ಲೇ ಸವ್ದಿತ್ತು, ಈಗ ಅಂಚೂ ವಾಯ್ತು," ಅಂದು ಇಬ್ಬರೂ ನಕ್ಕಿದ್ದೆವು.

ಡಿಗ್ರಿಯ ಕೊನೆಯ ವರ್ಷ ಸಂಘದವರು ಒಂದು ಪರೀಕ್ಷೆ ಇಟ್ಟರು. ನಮ್ಮವೇ ಇಪ್ಪತ್ತು ನಾಣ್ಯಗಳನ್ನು ಒಂದೊಂದು ಕವರಿನಲ್ಲಿ ಹಾಕಿ, ಪ್ರತಿ ಕವರಿನ ಮೇಲೂ ಜೊತೆಗೊಂದು ಹಾಳೆಯಲ್ಲೂ ನಾವು ಕೊಡುವ ಅಂಕವನ್ನೂ ಟಿಪ್ಪಣಿಯನ್ನೂ ಬರೆದು ಕೊಡಬೇಕು. ಸಮಿತಿಯವರು ತಾವೂ ನೋಡಿ ತಾಳೆ ಹಾಕುತ್ತಾರೆ. ಹದಿನೈದು ಸರಿಯಾದರೆ ಗ್ರೇಡ್ ಮಾಡಲು ಬಲ್ಲವನು ಎಂದು ಸರ್ಟಿಫಿಕೇಟ್. ನನಗೆ ಆ ಕಾಗದ ಬೇಕೇ ಬೇಕಿತ್ತು. ತಂದು ಮಾವನ ಕೈಗೆ ಕೊಡಬೇಕಿತ್ತು, ಅಷ್ಟೇ.

ಆದರೆ ನಾಣ್ಯ ಒಪ್ಪಿಸುವ ದಿನವೇ ನನ್ನ ಒಂದು ಪೇಪರಿತ್ತು. ಗೆಳೆಯ ಆ ಸಲ ಡಿಗ್ರಿ ಪರೀಕ್ಷೆಗೆ ಕೂರುವುದಿಲ್ಲವೆಂದು ಮೊದಲೇ ತೀರ್ಮಾನಿಸಿದ್ದ, ಹಿಂದಿನ ವರ್ಷದ ಪೇಪರುಗಳೇ ಉಳಿದಿದ್ದವು. ನಾನೇ ಒಯ್ದು ಕೊಡುತ್ತೇನೆ, ನೀನು ನೆಮ್ಮದಿಯಾಗಿ ಬರಿ ಎಂದ. ಅವನ ಕೈಗೆ ಇಪ್ಪತ್ತು ಕವರನ್ನೂ ಹಾಳೆಯನ್ನೂ ಕೊಟ್ಟೆ. ನನ್ನಲ್ಲಿ ಉಳಿದಿದ್ದ ತಾತನ ಹೊಳೆಯುವ ಡಾಲರಿಗೆ ಐವತ್ತೈದು ಎಂದು ಬರೆದಿದ್ದೆ. ಅವ್ವ ತೊಳೆದ ಸೆಂಟನ್ನೂ ಇಟ್ಟು, "ನಮ್ಮ ತಾಯಿ ಹುಣಸೆಹಣ್ಣಿನಲ್ಲಿ ತೊಳೆದದ್ದು, ಅಂಕವಿಲ್ಲ" ಎಂದು ಬರೆದಿದ್ದೆ.

ಹದಿನೈದು ದಿನ ಬಿಟ್ಟು ಅವನು ಕವರುಗಳೊಡನೆ ನಮ್ಮೂರಿಗೆ ಬಂದ. ಮುಖ ಸಪ್ಪಗಿತ್ತು. ಇಪ್ಪತ್ತರಲ್ಲಿ ಮೂರು ಸರಿ ಅಂದರಂತೆ. ಡಾಲರು ಪೂರಾ ಸವೆದಿದೆ, ಐವತ್ತೈದು ಹೇಗೆ ಕೊಟ್ಟರೋ ಅಂದರಂತೆ. ನನ್ನ ಭುಜ ತಟ್ಟಿ, ಅವರೇನು ದೇವರಾ ಬುಡು ಅಂದ. ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹೋದ. ಕವರು ಬಿಚ್ಚಿ ನೋಡಿದೆ. ಎಲ್ಲ ನನ್ನವೇ. ಒಂದು ನಾಣ್ಯವೂ ಕಳೆದಿರಲಿಲ್ಲ. ಡಾಲರನ್ನು ಎಷ್ಟು ಸಲ ಬೆಳಕಿಗೆ ಹಿಡಿದರೂ ನನಗೆ ಅಷ್ಟು ಸವೆತ ಕಾಣಲಿಲ್ಲ. ಆಗ ನಾನು ಸಂಶಯ ಪಟ್ಟಿದ್ದು ನನ್ನ ಕಣ್ಣನ್ನು. ಮಾವ ಹೇಳಿದ್ದೇ ನಿಜ ಅಂದುಕೊಂಡೆ.

ಆ ಬೇಸಿಗೆಯಲ್ಲೇ ರಿಸಲ್ಟ್ ಬಂತು. ಡಿಗ್ರಿ ಪಾಸಾದೆ. ಅಪ್ಪ ಮಾರ್ಕ್ಸ್ ಕಾರ್ಡನ್ನು ತಲೆಕೆಳಗೆ ಹಿಡಿದು ಊರಿಗೆಲ್ಲ ತೋರಿಸಿ ಬಂದರು. ನಾಣ್ಯದ ಡಬ್ಬಿ ಅಟ್ಟಕ್ಕೆ ಹೋಯಿತು.

ಕೆಳಗಿಳಿಸಿದವರು ಮಾವ. ಸೊಪ್ಪು ವಿಂಗಡಿಸುವ ಕಾಲ. ಜಗಲಿಯಲ್ಲಿ ಎಲೆಗಳ ನಡುವೆ ಕೂತಿದ್ದವರು, ಈಚೆಗೆ ಆ ಕಾಸು ಕಾಣುತ್ತಿಲ್ಲವಲ್ಲ ಎಂದು ಕೇಳಿದರು. ನಡೆದದ್ದು ಹೇಳಿದೆ. ನಗುತ್ತಾರೆಂದು ತಲೆ ತಗ್ಗಿಸಿಯೇ ಹೇಳಿದೆ. ಅವರು ನಗಲಿಲ್ಲ. ಡಾಲರ್ ತರಿಸಿ, ಕೈಯ ಅಂಟನ್ನು ಪಂಚೆಗೆ ಒರೆಸಿಕೊಂಡು, ಬಾಗಿಲ ಬೆಳಕಿಗೆ ಹಿಡಿದರು. ಹಿಡಿಯುವ ಕ್ರಮವನ್ನು ನಾನು ತೋರಿಸಿಕೊಟ್ಟಿದ್ದೆ; ಅಂಚನ್ನು ಮಾತ್ರ ಮುಟ್ಟಬೇಕೆಂದು. ಅವರದನ್ನು ಮರೆತಿರಲಿಲ್ಲ.

"ಎಲ್ಲಿ ಸವ್ದದೆ, ತೋರ್ಸು."

ಕಿವಿಯ ಮೇಲಿನ ಕೂದಲಲ್ಲಿ ಒಂದಿಷ್ಟು, ಅಷ್ಟೇ ಎಂದು ತೋರಿಸಿದೆ.

"ಚೀಟಿ ನಿಂದು. ಅವ್ರು ನೋಡಿದ್ ಮಾಲೂ ನಿಂದೇಯಾ, ಕೇಳ್ದಾ?"

ಹೊಗೆಸೊಪ್ಪಿನ ಹರಾಜಿನಲ್ಲಿ ಬೇಲಿಗೆ, ಅಂದರೆ ಕಟ್ಟಿದ ಸೊಪ್ಪಿನ ಮೂಟೆಗೆ, ಕಡಿಮೆ ಕೂಗಿದರೆ ನಮ್ಮ ಕಡೆಯವರು ಮೊದಲು ಮಾಡುವ ಕೆಲಸ ಅದು. ಜಗಳಕ್ಕೆ ಹೋಗುವುದಿಲ್ಲ. ಬೇಲಿನ ಮೇಲಿರುವ ಚೀಟಿ ತಮ್ಮದೇ ಆದರೂ ಒಳಗೆ ಕೈ ಹಾಕಿ ಒಂದೆಲೆ ಎಳೆದು, ಮಾಲು ತಮ್ಮದೇನಾ ಎಂದು ನೋಡುತ್ತಾರೆ. ಅಷ್ಟು ಚಿಕ್ಕ ಮಾತು, ಪದವೀಧರನಾದ ನನಗೆ ಆರು ತಿಂಗಳು ಹೊಳೆದಿರಲಿಲ್ಲ. ಹೊಳೆಯಬೇಕಾದರೆ ಮೊದಲು ಗೆಳೆಯನನ್ನು ಅನುಮಾನಿಸಬೇಕಿತ್ತು.

ಮೈಸೂರಿಗೆ ಹೋದೆ. ಸಂಘದ ಕಾರ್ಯದರ್ಶಿ ಒಬ್ಬ ನಿವೃತ್ತ ಮೇಷ್ಟರು. ನನ್ನ ಹೆಸರು ಕೇಳಿ ಮುಜುಗರಪಟ್ಟುಕೊಂಡೇ ಫೈಲು ತೆಗೆದರು. ನನ್ನ ಹಾಳೆಯಲ್ಲಿ ಡಾಲರಿನ ಎದುರು ಇಪ್ಪತ್ತು ಎಂದು ಬರೆದು, ಪಕ್ಕದಲ್ಲಿ, "ವರ್ಷದ ಕೆಳಗೆ ಅಂಚು ನೆಗ್ಗಿದೆ" ಎಂದಿತ್ತು. ಸೆಂಟಿನ ಎದುರು, "ತೊಳೆದದ್ದು ಎಂದು ಬರೆದಿದ್ದಾರೆ. ತೊಳೆದ ಗುರುತಿಲ್ಲ. ನೋಡುವ ಅಭ್ಯಾಸವಿಲ್ಲ" ಎಂದಿತ್ತು.

ಕಲ್ಲುಮೆಟ್ಟಿಲ ಮೇಲೆ ಬಿದ್ದ ಸದ್ದು ನನಗೆ ಮತ್ತೆ ಕೇಳಿಸಿತು.

ಆ ದಿನ ಬೇರೆ ಯಾರಾದರೂ 1921ರ ಡಾಲರ್ ತಂದಿದ್ದರೇ ಎಂದು ಕೇಳಿದೆ. ಅವರು ಇನ್ನೊಂದು ಹಾಳೆ ಮುಂದಿಟ್ಟರು. ನನ್ನ ಗೆಳೆಯನ ಹೆಸರು, ಅವನ ದುಂಡು ಅಕ್ಷರ. ಅವನೂ ಪರೀಕ್ಷೆಗೆ ಕೊಟ್ಟಿದ್ದನೆಂಬುದೇ ನನಗೆ ಗೊತ್ತಿರಲಿಲ್ಲ. ಡಾಲರು: ಅವನು ಬರೆದದ್ದು ಐವತ್ತೈದು, ಸಮಿತಿ ಕೊಟ್ಟದ್ದು ಐವತ್ತೈದು. ಇಪ್ಪತ್ತಕ್ಕೆ ಇಪ್ಪತ್ತೂ ನನ್ನ ಅಂಕಗಳೇ. ನನ್ನ ನಾಣ್ಯಗಳನ್ನು ತನ್ನ ಕವರಿಗೆ ಹಾಕಿದ್ದ. ಜೋಡಿಯಲ್ಲಿ ಅವನಿಗೆ ಉಳಿದ ಸವೆದವುಗಳನ್ನು ನನ್ನ ಕವರಿಗೆ ಹಾಕಿದ್ದ. ಕೆಲಸ ಮುಗಿದ ಮೇಲೆ ಒಂದೂ ತಪ್ಪದಂತೆ ವಾಪಸು ಬದಲಿಸಿ ತಂದುಕೊಟ್ಟಿದ್ದ. ಕೊನೆಯ ಸಾಲಿನಲ್ಲಿ ಇತ್ತು: "ನಮ್ಮ ತಾಯಿ ಹುಣಸೆಹಣ್ಣಿನಲ್ಲಿ ತೊಳೆದದ್ದು, ಅಂಕವಿಲ್ಲ." ಸಮಿತಿಯವರು ಅದರ ಮುಂದೆ ಕೆಂಪು ಶಾಯಿಯಲ್ಲಿ, "ಪ್ರಾಮಾಣಿಕ ಟಿಪ್ಪಣಿ. ಮೆಚ್ಚತಕ್ಕದ್ದು" ಎಂದು ಬರೆದಿದ್ದರು.

ಅಂಕ ಕದ್ದದ್ದನ್ನು ಇವತ್ತು ಮರೆಯಬಲ್ಲೆ. ನನ್ನ ಅವ್ವನನ್ನೂ ಅವನು ನಕಲು ಮಾಡಿಕೊಂಡಿದ್ದ.

ನಾನು ಜೇಬಿನಿಂದ ಡಾಲರ್ ತೆಗೆದು ಮೇಷ್ಟರ ಮುಂದೆ ಇಟ್ಟೆ. ಅವರು ಅಂಚು ತಿರುಗಿಸಿ ನೋಡಿದರು, ಹಾಳೆ ನೋಡಿದರು, ನನ್ನ ಮುಖ ನೋಡಿದರು. ಒಳಗಿನಿಂದ ತಮ್ಮದೇ ನಾಣ್ಯಗಳ ಒಂದು ತಟ್ಟೆ ತಂದು, ಇಪ್ಪತ್ತಕ್ಕೂ ಅಂಕ ಬರೆಯಿರಿ ಎಂದರು. ಕಿಟಕಿಯ ಪಕ್ಕ ಕೂತು ಬರೆದೆ. ಹದಿನೆಂಟು ತಾಳೆಯಾದವು.

"ಸಮಿತಿ ಮುಂದಿಟ್ಟು ನಿಮ್ಮ ಸರ್ಟಿಫಿಕೇಟ್ ಕೊಡಿಸ್ತೀನಿ. ಅವರದ್ದನ್ನ ರದ್ದು ಮಾಡ್ಬೇಕು ಅಂದ್ರೆ ನೀವು ದೂರು ಬರ್ಕೊಡ್ಬೇಕು," ಎಂದರು.

ಬರೆಯುವ ಮುಂಚೆ ಒಮ್ಮೆ ಅವನ ಬಾಯಿಂದ ಕೇಳಬೇಕೆನಿಸಿತು. ಕೃಷ್ಣರಾಜನಗರದಲ್ಲಿ ಅವನು ಅಪ್ಪನ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಿದ್ದ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ್ದರು. ನನ್ನನ್ನು ಕಂಡದ್ದೇ ಅವನಿಗೆ ಗೊತ್ತಾಯಿತು. ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಬರುವುದನ್ನೇ ನೋಡುತ್ತಾ ಮಾತಾಡಿದ.

"ನಿನ್ ಕಾಸು ಒಂದೂ ಇಟ್ಕೊಂಡಿಲ್ಲ ಕಣ್ಲಾ."

ಗೊತ್ತು ಅಂದೆ.

"ನಿಂಗೆ ಡಿಗ್ರಿ ಸಿಕ್ತದೆ ಅಂತ ನಂಗೆ ಗೊತ್ತಿತ್ತು. ನಮ್ಮಪ್ಪಂಗೆ ತೋರ್ಸಕ್ಕೆ ನಂಗೊಂದು ಕಾಗ್ದ ಬೇಕಿತ್ತು. ನೀ ಇನ್ನೊಂದ್ಸಲ ಬರೆದ್ರೂ ಪಾಸಾಗೋನು. ನಾ ಆಗ್ತಿದ್ನಾ, ನೀನೇ ಏಳು."

ಒಳಗಿನಿಂದ ಅವನ ಅಪ್ಪ ಬಂದು, ನನ್ನ ಕೈ ಹಿಡಿದು, ಗೋಡೆಯ ಮೇಲಿನ ಮಗನ ಸರ್ಟಿಫಿಕೇಟ್ ತೋರಿಸಿ, ಇದೆಲ್ಲ ನಿಮ್ಮ ಸಹವಾಸದಿಂದ ಸ್ವಾಮಿ ಎಂದರು. ಅವರು ತರಿಸಿದ ಟೀ ಕುಡಿದೆ. ದೂರು ಬರೆಯಲಿಲ್ಲ. ಅದು ಒಳ್ಳೆಯತನ ಎಂದು ಯಾರೂ ತಿಳಿಯಬಾರದು. ಆ ಅಪ್ಪನ ಮುಖ ನೋಡಿ ಕೈ ಬರಲಿಲ್ಲ, ಅಷ್ಟೇ. ಮಗನ ಜೊತೆ ಆಮೇಲೆ ಒಂದು ಮಾತೂ ಆಡಿಲ್ಲ. ಕ್ಯಾಂಪಿನ ಅಜ್ಜಿಯ ಅಂಗಡಿಗೂ ಮತ್ತೆ ಹೋಗಲಿಲ್ಲ; ಹೋಗಿದ್ದರೆ ಇನ್ನೊಬ್ಬನೆಲ್ಲಿ ಎಂದು ಅವರು ಕೇಳುತ್ತಿದ್ದರು.

ಮುಂದಿನ ತಿಂಗಳು ನನ್ನ ಸರ್ಟಿಫಿಕೇಟ್ ತಂದೆ. ಮಾವ ಅದೇ ಜಗಲಿಯಲ್ಲಿ ಅದೇ ಗುಡ್ಡೆಗಳ ನಡುವೆ ಕೂತಿದ್ದರು. ಗೆಳೆಯನ ಸಂಗತಿ ಅವರಿಗೆ ಆಗಲೇ ಹೇಳಿದ್ದೆ. ಕೈಗೆ ಕೊಟ್ಟೆ. ಇಷ್ಟು ದಿನ ಈ ಗಳಿಗೆಯನ್ನು ಎಷ್ಟು ಬಗೆಯಲ್ಲಿ ಊಹಿಸಿದ್ದೆನೋ, ಅದರಲ್ಲಿ ಒಂದೂ ನಡೆಯಲಿಲ್ಲ. ಅವರು ಪಂಚೆಗೆ ಕೈ ಒರೆಸಿಕೊಂಡು, ಅಂಚು ಮಾತ್ರ ಹಿಡಿದು, ಬಾಗಿಲ ಬೆಳಕಿಗೆ ಓರೆ ಮಾಡಿ, ಓದಲು ಬಾರದ ಆ ಕಾಗದವನ್ನು ತುಂಬಾ ಹೊತ್ತು ನೋಡಿದರು.

"ಅವನ್ದೂ ಇಂಗೇ ಅದಾ?" ಎಂದು ಕೇಳಿದರು.

ಹೂಂ ಮಾವ, ಇದೇ ತರ, ಇದೇ ಸಹಿ, ಹೆಸರು ಮಾತ್ರ ಬೇರೆ ಎಂದೆ.

ಅವರು ಅದನ್ನು ನನ್ನ ಕೈಗೆ ವಾಪಸು ಕೊಟ್ಟು, ಒಂದೆಲೆ ಎತ್ತಿಕೊಂಡರು.

"ಅಂಗಾದ್ರೆ ಕಾಗ್ದಕ್ಕೆ ಗ್ರೇಡು ಮಾಡೋರು ಇನ್ನೂ ಉಟ್ಟಿಲ್ಲ ಅನ್ನು," ಎಂದರು.