ಹತ್ತಕ್ಕೆ ಹತ್ತು ಕೊಟ್ಟ ದೇಜಪ್ಪನವರು

ದೇಜಪ್ಪನವರು ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನ ಹಣದ ಗಲ್ಲೆಯಲ್ಲಿ ಮೂವತ್ತೊಂದು ವರ್ಷ ಕೂತವರು. ಅಷ್ಟು ವರ್ಷಗಳಲ್ಲಿ ಆ ಹೋಟೆಲಿನ ದೂರಿನ ಪುಸ್ತಕದಲ್ಲಿ ಒಂದೇ ಒಂದು ದೂರು ಬೀಳಲಿಲ್ಲ. ಅಡುಗೆ ಅಷ್ಟು ಚೆನ್ನಾಗಿತ್ತು ಎಂದು ಯಾರೂ ತಪ್ಪು ತಿಳಿಯಬಾರದು. ಗೊಣಗುತ್ತ ಬಂದ ಗಿರಾಕಿಗೆ ದೇಜಪ್ಪನವರು ಮೊದಲು, ನೀವು ಹೇಳುವುದು ನೂರಕ್ಕೆ ನೂರು ಸರಿ ಎನ್ನುತ್ತಿದ್ದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಅಲ್ಲಿ ಯಾರೂ ಇಲ್ಲದಿದ್ದರೂ, ಗಟ್ಟಿಯಾಗಿ ಬೈಯುತ್ತಿದ್ದರು. ಕೊನೆಗೆ ಒಂದು ಬಿಟ್ಟಿ ಚಹಾ ತರಿಸುತ್ತಿದ್ದರು. ಚಹಾ ಗಂಟಲಲ್ಲಿ ಇಳಿಯುವಷ್ಟರಲ್ಲಿ ದೂರೂ ಇಳಿದಿರುತ್ತಿತ್ತು.

ಆ ಚಹಾಕ್ಕೆ ಬಗ್ಗದವನು ಒಬ್ಬನೇ, ವಿಜಯಪುರ ಕಡೆಯ ಹಮಾಲ ಜಟ್ಟೆಪ್ಪ. ಸಾಂಬಾರು ಹಳಸಿದೆ ಎಂದು ಬಟ್ಟಲನ್ನೇ ಗಲ್ಲೆಯ ಮೇಲೆ ತಂದಿಟ್ಟ. “ಮ್ಯಾನೇಜರ್ರ, ನೀವ ಒಂದ್ ಚಮಚಾ ಕುಡೀರಿ. ಚಲೋ ಐತಿ ಅಂದ್ರ ನಾ ಮುಂದ ಮಾತಾಡೂದಿಲ್ಲ.”

“ಇವತ್ತು ನನಗೆ ಸಂಕಷ್ಟಿ ಉಪವಾಸ ಮಾರಾಯ” ಎಂದು ದೇಜಪ್ಪನವರು ಕೈ ಮುಗಿದರು. ಅಂದು ಸಂಕಷ್ಟಿ ಆಗಿರಲಿಲ್ಲ. ಜಟ್ಟೆಪ್ಪ ಅವರ ಮುಖವನ್ನು ಒಮ್ಮೆ ನೋಡಿ ಹೊರಟುಹೋದ. ಮತ್ತೆ ಆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ. ಮುಂದೆ ಇಪ್ಪತ್ತು ವರ್ಷ ದೇಜಪ್ಪನವರು ಈ ಕತೆಯನ್ನು ಮದುವೆ ಮುಂಜಿಗಳಲ್ಲಿ ತಮ್ಮ ಜಾಣತನಕ್ಕೆ ಸಾಕ್ಷಿಯಾಗಿ ಹೇಳಿ ನಗಿಸುತ್ತಿದ್ದರು.

ನಿವೃತ್ತರಾದ ಮೇಲೆ ಅವರೊಂದು ಕಾರು ಕೊಂಡರು. ದೇಶದ ಭಾರೀ ದೊಡ್ಡ ಕಂಪನಿಯ ಕಾರು. ಹೆಸರು ಬೇಡ, ಅವರ ವಕೀಲರಲ್ಲಿ ಕನ್ನಡ ಓದುವವರು ಇದ್ದಾರು. ಮಗಳು ರಮಿತಾ ಖಾರಘರದಲ್ಲಿ ಎಳೆಗೂಸು ಇಟ್ಟುಕೊಂಡಿದ್ದಳು. ಶನಿವಾರ ಶನಿವಾರ ಅಲ್ಲಿಗೆ ಹೋಗಬೇಕು. ಹೆಂಡತಿ ಸುಂದರಿಯಮ್ಮನ ಮೊಣಕಾಲು ಠಾಣೆ ಸ್ಟೇಷನ್ನಿನ ಸೇತುವೆ ಹತ್ತಿ ರೈಲು ಬದಲಿಸಲು ಒಪ್ಪುತ್ತಿರಲಿಲ್ಲ. ಕಾರಿನಲ್ಲೂ ಅವರು ಮುಂದಿನ ಸೀಟಿನಲ್ಲೇ ಕೂರಬೇಕು. ಹಿಂದೆ ಕೂತರೆ ದಾರಿಯ ಶೀಳಫಾಟಾ ನಾಕಾ ಬರುವ ಮೊದಲೇ ವಾಂತಿ.

ಎರಡನೆಯ ವರ್ಷ ಕಂಪನಿಯಿಂದ ಪತ್ರ ಬಂತು. ಮೇಲ್ಗಡೆ ಹಲ್ಲು ಕಿಸಿದ ಒಂದು ಸಂಸಾರದ ಬಣ್ಣದ ಚಿತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ ಸಂಗತಿ. ಮುಂದಿನ ಎಡ ಸೀಟಿನ ಏರ್‌ಬ್ಯಾಗ್ ಅಪಘಾತದಲ್ಲಿ ಉಬ್ಬುವಾಗ ಅದರೊಳಗಿನ ಲೋಹದ ಡಬ್ಬಿ ಒಡೆದು ಚೂರು ಸಿಡಿಯುವ ಸಂಭವವಿದೆ. ಸಂಭವ ತೀರಾ ಕಡಿಮೆ. ಆದರೂ ಭಾಗ ಬದಲಾಯಿಸುವವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ. ಜೀವ ಉಳಿಸಲೆಂದು ಕೂರಿಸಿದ ಚೀಲವೇ ಜೀವ ತೆಗೆಯಬಹುದು ಎಂಬುದನ್ನು ಇಷ್ಟು ನಯವಾಗಿ ಹೇಳುವುದು ತಮ್ಮಿಂದಲೂ ಆಗುತ್ತಿರಲಿಲ್ಲ ಎಂದು ದೇಜಪ್ಪನವರು ಒಪ್ಪಿಕೊಂಡರು.

ಅಂದಿನಿಂದ ಸುಂದರಿಯಮ್ಮ ಹಿಂದಿನ ಸೀಟಿಗೆ ಹೋದರು. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ. ರಮಿತಾಳ ಹೌಸಿಂಗ್ ಸೊಸೈಟಿಗೆ ಹೊಸದಾಗಿ ಬಂದ ವಾಚ್‌ಮನ್ ಹಿಂದೆ ಕೂತ ಅಮ್ಮನವರಿಗೆ ಸಲಾಮು ಹೊಡೆದು, ದೇಜಪ್ಪನವರಿಗೆ ಮಾತ್ರ “ಡ್ರೈವರ್ ಲೋಗ್ ಉಧರ್” ಎಂದು ಮೂಲೆಯ ಬೆಂಚು ತೋರಿಸಿದ.

ಠಾಣೆಯ ಘೋಡಬಂದರ್ ರಸ್ತೆಯ ಸರ್ವಿಸ್ ಸೆಂಟರಿನಲ್ಲಿ ಅವರಿಗೆ ಸಿಕ್ಕವನು ಕಲಬುರಗಿಯ ರೇವಣಸಿದ್ದ, ಗಿರಾಕಿಗಳ ದೂರು ಬರೆದುಕೊಳ್ಳುವ ಸಲಹೆಗಾರ. ಕನ್ನಡ ಕೇಳಿ ಇಬ್ಬರಿಗೂ ಜೀವ ಬಂದಂತಾಯಿತು.

“ನೀವು ಅಂದಿದ್ದು ಖರೇ ಅದರಿ ಕಾಕಾ” ಎಂದ ರೇವಣಸಿದ್ದ ಮೊದಲಿಗೆ. ಆಮೇಲೆ ಫೋನೆತ್ತಿ ಗೋದಾಮಿನವರಿಗೆ ಬೈದ. ಆಮೇಲೆ ಚಹಾ ತರಿಸಿದ. ಭಾಗ ಪರದೇಶದಿಂದ ಬರಬೇಕಂತೆ, ಎರಡು ತಿಂಗಳಂತೆ. ದೇಜಪ್ಪನವರಿಗೆ ಇದು ಎಲ್ಲೋ ಕಂಡ ಹಾದಿ ಅನ್ನಿಸಿತು. ಆದರೆ ಚಹಾ ಆಗಲೇ ಅರ್ಧ ಕುಡಿದಾಗಿತ್ತು.

ಹೊರಡುವಾಗ ರೇವಣಸಿದ್ದ ಒಂದು ಫಾರ್ಮ್ ಮುಂದಿಟ್ಟು ದನಿ ತಗ್ಗಿಸಿದ. “ಕಾಕಾ, ಇದ್ರಾಗ ನನಗ ಹತ್ತಕ್ಕ ಹತ್ತು ಕೊಡ್ರಿ. ಒಂಬತ್ತು ಬಿದ್ರೂ ಪಗಾರದಾಗ ಕಟ್ ಮಾಡ್ತಾರ.”

ಗಲ್ಲೆಯಲ್ಲಿ ಸವೆದ ಮನುಷ್ಯ ಇನ್ನೊಬ್ಬನ ಗಲ್ಲೆಗೆ ಕಲ್ಲು ಹಾಕುತ್ತಾನೆಯೇ? ದೇಜಪ್ಪನವರು ಹತ್ತು ಕೊಟ್ಟರು. ಎರಡು ತಿಂಗಳ ನಂತರ ಭಾಗ ಬಂದಿರಲಿಲ್ಲ. ಚಹಾ ಬಂತು, ಹತ್ತು ಕೊಟ್ಟರು. ಹೀಗೆ ಹದಿನಾಲ್ಕು ತಿಂಗಳಲ್ಲಿ ಐದು ಸಲ ಮುಂಬ್ರಾ ಬೈಪಾಸಿನ ಹೊಂಡಗಳನ್ನು ಎಣಿಸಿಕೊಂಡು ಹೋಗಿ, ಐದು ಚಹಾ ಕುಡಿದು, ಐವತ್ತು ಅಂಕ ಧಾರೆಯೆರೆದು ಬಂದರು. ಸುಂದರಿಯಮ್ಮ ಅಷ್ಟರಲ್ಲಿ ಆರು ಕಿಲೋ ಇಳಿದಿದ್ದರು.

“ನೀವು ಅವನಿಗೆ ಮಾರ್ಕು ಕೊಡ್ಲಿಕ್ಕೆ ಹೋಗುದಾ, ನನ್ನ ಸೀಟು ತರ್ಲಿಕ್ಕೆ ಹೋಗುದಾ?” ಎಂದು ಒಂದು ದಿನ ಅವರು ಚೀಲ ಕಟ್ಟುತ್ತ ಕೇಳಿದರು. ಕಣ್ಣಲ್ಲಿ ನೀರಿತ್ತು, ಅದು ವಾಂತಿಯದು ಮಾತ್ರ ಆಗಿರಲಿಲ್ಲ. ದೇಜಪ್ಪನವರಿಗೆ ನಿಜಕ್ಕೂ ನಾಚಿಕೆಯಾಯಿತು.

ಅವರು ಕಂಪನಿಯ ಮುಖ್ಯ ಕಚೇರಿಗೆ ಫೋನ್ ಮಾಡಿದರು. ಅರ್ಧ ಗಂಟೆ ವೀಣೆ ಕೇಳಿಸಿದ ಮೇಲೆ ಪ್ರಣೀತಾ ಎಂಬ ಹುಡುಗಿಯ ಜೇನಿನಂಥ ದನಿ ಬಂತು. ನಿಮ್ಮ ಹೆಸರಿನಲ್ಲಿ ಯಾವ ದೂರೂ ಬಾಕಿ ಇಲ್ಲ ಸರ್, ಎಂದಳು. ಐದು ದೂರು ಬಂದಿದ್ದವು, ಹತ್ತಕ್ಕೆ ಹತ್ತು ಬಿದ್ದ ಕೂಡಲೇ ಒಂದೊಂದೂ ತಾನಾಗಿ ಮುಚ್ಚಿಕೊಂಡಿದೆ. ಅಷ್ಟೇ ಅಲ್ಲ, ಠಾಣೆ ವಿಭಾಗದ ಅತ್ಯಂತ ಸಂತೃಪ್ತ ಗ್ರಾಹಕರು ನೀವೇ. ಬರುವ ಭಾನುವಾರ ಶೋರೂಮಿನಲ್ಲಿ ನಿಮಗೆ ಸನ್ಮಾನ ಇದೆ.

ದೇಜಪ್ಪನವರು ಸನ್ಮಾನಕ್ಕೆ ಹೋದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಿಂದಿನ ಸೀಟಿನಲ್ಲಿ ಚೀಲ ಹಿಡಿದ ಸುಂದರಿಯಮ್ಮ. ಶೋರೂಮಿನ ಮ್ಯಾನೇಜರ್ ಜಯೇಶ್ ಮಂಗಳೂರು ಮೂಲದವನೇ. ಇಲ್ಲೇ ಹುಟ್ಟಿದ್ದರಿಂದ ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರಿಸುತ್ತಿದ್ದ. ಅವನು ಶಾಲು ಹೊದಿಸಿ, ಕಾಣಿಕೆಯ ಪೊಟ್ಟಣ ಕೈಗಿಟ್ಟ. ಬಿಚ್ಚಿ ನೋಡಿದರೆ ಕಾರಿನ ಮುಂದಿನ ಸೀಟಿಗೆ ಹಾಕುವ ಮೆತ್ತೆ. ಎಡಗಡೆಯ ಸೀಟಿಗೇ ಎಂದು ಅದರ ಮೇಲೆ ಚಿತ್ರವೂ ಇತ್ತು. ಚಪ್ಪಾಳೆ ಬಿತ್ತು. ನಾಲ್ಕು ಮಾತಾಡಿ ಎಂದು ಮೈಕು ಕೊಟ್ಟರು.

ದೇಜಪ್ಪನವರು ಮೆತ್ತೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಮೆತ್ತೆ ಒಳ್ಳೇದಿದೆ. ಇದರ ಮೇಲೆ ಕೂರುವವರು ಬೇಕಲ್ಲ” ಎಂದರು. “ಜಯೇಶಣ್ಣ, ಕಾರು ಬಾಗಿಲಲ್ಲೇ ಉಂಟು. ಈ ಮೆತ್ತೆ ಹಾಕಿ ಮುಂದೆ ನೀವೇ ಕೂತ್ಕೊಳ್ಳಿ. ಮುಂಬ್ರಾ ಬೈಪಾಸಿನವರೆಗೆ ಒಂದು ಸುತ್ತು ಹೋಗಿ ಬರುವ. ಬಂದ ಮೇಲೆ ನಾನೇ ಹತ್ತಲ್ಲ, ಇಪ್ಪತ್ತು ಕೊಡ್ತೇನೆ.”

ಜಯೇಶ್ ಗಡಿಯಾರ ನೋಡಿಕೊಂಡ. “ಅಂಕಲ್, ಅಭೀ ಏಕ್ ಅರ್ಜೆಂಟ್ ಮೀಟಿಂಗ್ ಹೈ.”

“ಇವತ್ತು ನಿಮಗೆ ಸಂಕಷ್ಟಿಯಾ?” ಎಂದು ದೇಜಪ್ಪನವರು ಕೇಳಿದರು. ಕೇಳಿದ ಮೇಲೆ ಅವರಿಗೆ ಜಟ್ಟೆಪ್ಪನ ಬಟ್ಟಲು ನೆನಪಾಯಿತು. ಜಯೇಶನಿಗೆ ಏನೂ ಅರ್ಥವಾಗಲಿಲ್ಲ. ಅವನು ಮೂಲೆಯಲ್ಲಿ ನಿಂತಿದ್ದ ರೇವಣಸಿದ್ದನಿಗೆ ಕಣ್ಣಲ್ಲೇ, ನೀನು ಹೋಗು ಎಂದ.

ರೇವಣಸಿದ್ದ ಹೊರಗೆ ಬಂದು ಕಾರಿನ ಎಡ ಬಾಗಿಲಿಗೆ ಕೈ ಹಾಕಿದ. ದೇಜಪ್ಪನವರು ಕೈಯಲ್ಲಿದ್ದ ಕೀಲಿಯ ಗುಂಡಿ ಒತ್ತಿ ಬಾಗಿಲು ಭದ್ರಪಡಿಸಿದರು. “ನೀನಲ್ಲ ಮಾರಾಯ. ಆ ಸೀಟು ಸರಿಯಿಲ್ಲ. ನಿನಗೂ ಮನೆ ಉಂಟಲ್ಲ.”

ರೇವಣಸಿದ್ದ ಬಾಗಿಲು ಬಿಟ್ಟು ಹಿಂದೆ ಸರಿದ. ಆಮೇಲೆ ಕಿಸೆಯಿಂದ ಫಾರ್ಮು, ಪೆನ್ನು ತೆಗೆದ. “ಹತ್ತು ಕೊಟ್ರ ದೂರು ಮುಚ್ತದ ಅಂತ ನನಗ ಮೊದ್ಲಿಂದ ಗೊತ್ತಿತ್ತುರಿ ಕಾಕಾ. ತಪ್ಪು ನಂದೇ ಅದ. ಇವತ್ತ ಒಂದ ಹಾಕ್ರಿ.”

ದೇಜಪ್ಪನವರು ಒಂದು ಹಾಕಿದರು. ಪರದೇಶದಿಂದ ಬರಬೇಕಿದ್ದ ಭಾಗ ಆರೇ ದಿನದಲ್ಲಿ, ಇಲ್ಲೇ ಹತ್ತಿರದ ಭಿವಂಡಿಯ ಗೋದಾಮಿನಿಂದ ಬಂತು. ಅದರ ಡಬ್ಬದ ಮೇಲೆ ಹನ್ನೊಂದು ತಿಂಗಳ ಹಿಂದಿನ ತಾರೀಕಿತ್ತು.

ಮುಂದಿನ ಶನಿವಾರ ಸುಂದರಿಯಮ್ಮ ಮುಂದಿನ ಸೀಟಿನಲ್ಲಿ, ಕಂಪನಿ ಕೊಟ್ಟ ಮೆತ್ತೆಯ ಮೇಲೆಯೇ ಕೂತರು. ಚೀಲ ಮನೆಯಲ್ಲೇ ಉಳಿಯಿತು. ಶೀಳಫಾಟಾ ದಾಟಿತು, ತಳೋಜಾ ದಾಟಿತು. ಶೋರೂಮಿನ ಪ್ರಸಂಗ ನೆನೆದು ಒಬ್ಬರೇ ನಗುತ್ತಿದ್ದ ಸುಂದರಿಯಮ್ಮ ಇದ್ದಕ್ಕಿದ್ದಂತೆ ಗಂಡನ ಕಡೆ ತಿರುಗಿದರು.

“ಅಲ್ಲ, ಒಂದು ಕೇಳ್ತೇನೆ. ಆ ಜಟ್ಟೆಪ್ಪನ ಸಾಂಬಾರು ನಿಜಕ್ಕೂ ಹಳಸಿತ್ತಾ?”

ದೇಜಪ್ಪನವರು ಗೇರು ಬದಲಿಸಿದರು. ಮುಂದೆ ಲಾರಿ ಇರಲಿಲ್ಲ, ಹೊಂಡವೂ ಇರಲಿಲ್ಲ, ಬೇರೆ ಮಾತು ತೆಗೆಯಲು ಏನೂ ಸಿಗಲಿಲ್ಲ.

“ಹಳಸಿತ್ತು” ಎಂದರು.