ಹಾರುವ ಗುಡ್ಡಕ್ಕೆ ಹಿಮ ಹೊತ್ತವರು

ಮಕ್ಕಳೇ, ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ ಎಂಬುದು ನಿಮಗೆ ಗೊತ್ತು. ಒಮ್ಮೆ ಮಾತ್ರ ಹೊರಟಿತು. ಅದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಆಗ ನಾನು ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಅವಳ ಮಗಳು, ನಿಮಗೆಲ್ಲ ಹಿರಿಯಳು, ಆ ಜುಲೈಯಲ್ಲಿ, ಅಲ್ಲಿ ಅದು ಚಳಿಗಾಲ, ದೊಡ್ಡವಳಾದಳು. ಸುದ್ದಿ ಕೇಳಿ ನನ್ನ ಮಗ ಸಿಡ್ನಿಯಿಂದ ಹೆಂಡತಿಯೊಡನೆ ಕಾರಿನಲ್ಲಿ ಬಂದ. ಸೋದರಮಾವನಲ್ಲವೇ, ಸೀರೆ, ಕೊಬ್ಬರಿ ಬೆಲ್ಲ, ಹುಡುಗಿಯ ಸೊಂಟ ಗಟ್ಟಿಯಾಗಲೆಂದು ಹೆಂಡತಿ ಕಟ್ಟಿದ ಅಂಟಿನುಂಡಿ ಎಲ್ಲ ತಂದಿದ್ದ. ಆರತಿ ಆಯಿತು. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ಊಟಕ್ಕೆ ಕೂತಾಗ ತಂಗಿಗೆ ಹೇಳಿದ: "ಇನ್ನ ಆ ಜಿಮ್ನಾಸ್ಟಿಕ್ಸ್ ಕ್ಲಾಸ್ ಸ್ಟಾಪ್ ಮಾಡವಾ. ಜಿಗಿದಾಡೋ ವಯಸ್ಸಲ್ಲ ಇದು. ನಾಳೆ ಗರ್ಭಕ್ಕ ತ್ರಾಸ ಆದೀತು."

ಹುಡುಗಿ ತಟ್ಟೆ ಬಿಟ್ಟು ಎದ್ದುಹೋದಳು. ಓಡಿಬಂದು ಎತ್ತರದ ಪೆಟ್ಟಿಗೆಯ ಮೇಲೆ ಕೈಯೂರಿ ಆಚೆಗೆ ಹಾರುವುದು, ಜಗತ್ತಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಅದೊಂದೇ. "ಅಣ್ಣ ಹೇಳಿದಂಗಾಗ್ಲಿ" ಎಂದಳು ನನ್ನ ಮಗಳು. ಅಳಿಯ ಫೋನ್ ನೋಡುತ್ತಿದ್ದ.

ಮರುದಿನ ಹಿಮ ತೋರಿಸುತ್ತೇನೆಂದು ಮಗ ಎಲ್ಲರನ್ನೂ ಊರಾಚೆಯ ಬೆಟ್ಟಕ್ಕೆ ಕರೆದೊಯ್ದ. ಹಿಮ ಅಲ್ಲಲ್ಲಿ ಉಪ್ಪು ಚೆಲ್ಲಿದಷ್ಟಿತ್ತು. ದಾರಿಯ ಬದಿಗೆ ಕಡಿದಾದ ಒಂದು ಇಳಿಜಾರು, ಅದರ ತುಂಬ ಮರಗಳು, ನಡುವೆ ಕೊಳೆತ ದಿಮ್ಮಿಗಳು. ಪಕ್ಕದಲ್ಲಿ ಒಂದು ಬೋರ್ಡು. ನನಗೆ ಇಂಗ್ಲಿಷ್ ಬಾರದು, ಮಗ ಓದಿ ಹೇಳಿದ.

ಹಿಂದೆ ಅದು ಹಾರುವ ಗುಡ್ಡವಂತೆ. ನಮ್ಮ ಅಜ್ಜಂದಿರ ಕಾಲದಲ್ಲಿ ಒಂದು ಕ್ಲಬ್ಬಿನವರು ಕಾಡು ಕಡಿದು, ದಿಮ್ಮಿಯ ಕಟ್ಟೆ ಕಟ್ಟಿದ್ದರು. ಗಂಡಸರು ಕಾಲಿಗೆ ಉದ್ದನೆಯ ಹಲಗೆ ಬಿಗಿದುಕೊಂಡು ಮೇಲಿಂದ ಜಾರಿ ಬಂದು, ಕಟ್ಟೆಯ ತುದಿಯಿಂದ ಗಾಳಿಗೆ ನೆಗೆದು, ಎಷ್ಟೋ ದೂರ ಹೋಗಿ ಇಳಿಯುತ್ತಿದ್ದರು. ಭಾನುವಾರ ಮೆಲ್ಬರ್ನ್‌ನಿಂದ ಜನ ನೋಡಲು ಬರುತ್ತಿದ್ದರು. ಹಿಮ ಸಾಲದ ವರ್ಷ ಕಾಡಿನ ನೆರಳಿನಿಂದ ಹೊತ್ತು ತಂದು ಸುರಿಯುತ್ತಿದ್ದರು. ಆಮೇಲೆ ಹೆಚ್ಚು ಹಿಮ ಬೀಳುವ ದೂರದ ಬೆಟ್ಟಗಳಿಗೆ ರಸ್ತೆಯಾಯಿತು. ಕ್ಲಬ್ಬು ಅಲ್ಲಿಗೆ ಹೋಯಿತು, ಇಲ್ಲಿ ಕಾಡು ಮತ್ತೆ ಬೆಳೆಯಿತು.

ಕೊನೆಯ ಸಾಲಿಗೆ ಬಂದಾಗ ಮಗನ ಮುಖ ಅರಳಿತು. "ಕೇಳಬೇ ಯವ್ವಾ! ಇಲ್ಲಿಯ ಹೆಣ್ಮಕ್ಕಳಿಗೂ ಹಾರಾಕ ಬಿಟ್ಟಿದ್ದಿಲ್ಲಂತ. ಗರ್ಭಕ್ಕ ಪೆಟ್ಟು ಬೀಳ್ತೈತಿ ಅಂತ ಡಾಕ್ಟರೇ ಹೇಳಿದ್ರಂತ. ಬಿಳೀ ಮಂದಿ ಹೇಳಿದ್ರ ಸೈನ್ಸು, ನಾ ಹೇಳಿದ್ರ ಹಳ್ಳಿ ಗಮಾರ!"

"ಮಾಮಾ, ಈಗ ಒಲಿಂಪಿಕ್ಸ್‌ನಾಗ ಗರ್ಲ್ಸೂ ಜಂಪ್ ಮಾಡ್ತಾರ!" ಎಂದಳು ಹುಡುಗಿ. ಅವನು ಕೇಳಿಸಿಕೊಳ್ಳಲಿಲ್ಲ.

ನಾನು ಬೋರ್ಡಿನ ಹಳೆಯ ಫೋಟೋ ನೋಡುತ್ತಿದ್ದೆ. ಅದಕ್ಕೆ ಇಂಗ್ಲಿಷ್ ಬೇಡ. ಉದ್ದ ಲಂಗದ ಹೆಂಗಸರು ಸಾಲಾಗಿ ಏರು ಹತ್ತುತ್ತಿದ್ದಾರೆ, ಸೊಂಟದ ಮೇಲೆ ಹಿಮ ತುಂಬಿದ ಬುಟ್ಟಿಗಳು. ಮೇಲೆ ಗಂಡಸರು ಹಲಗೆ ಹಿಡಿದು ನಗುತ್ತ ನಿಂತಿದ್ದಾರೆ.

"ಇವ್ರು ಯಾರು?" ಎಂದೆ.

"ಹಿಮ ಹೊರೋ ಹೆಣ್ಮಕ್ಕಳು."

"ಹೊರಾಕ ಗರ್ಭ ಅಡ್ಡ ಬರಲಿಲ್ಲೇನು? ನೀ ಹೊಟ್ಟ್ಯಾಗಿದ್ದಾಗ ಬ್ಯಾನಿ ಬರೋ ತನಕ ಕೆರಿ ನೀರು ಹೊತ್ತೀನಿ. ಗೊಬ್ಬರದ ಬುಟ್ಟಿ ಹೊತ್ತೀನಿ. ಅವಾಗ ಯಾವ ಮಾವ ಬಂದು ಬ್ಯಾಡ ಅಂದ? ಯಾವ ಡಾಕ್ಟರ ಅಂದ?"

"ಯವ್ವಾ, ಮಂದಿ ನೋಡಾಕ್ಹತ್ಯಾರ..."

"ನೋಡ್ಲಿ!"

ನಿಜವಾಗಿಯೂ ನೋಡುತ್ತಿದ್ದರು. ನಾನು ಹೊದ್ದ ಶಾಲು ಕೆಸರಿಗೆ ಬಿದ್ದಿತ್ತು. ಸೊಸೆ ಅದನ್ನು ಎತ್ತಿ ಕೊಡುವಾಗ ಮುಖ ತಿರುಗಿಸಿ ನಕ್ಕಳು. ಮಗ ಮರುದಿನ ಚಹಾ ಕೂಡ ಕುಡಿಯದೆ ಸಿಡ್ನಿಗೆ ಹೊರಟ.

ಶನಿವಾರ ಕ್ಲಾಸಿನ ಹೊತ್ತಾದರೂ ಮಗಳು ಕಾರಿನ ಕೀಲಿ ಮುಟ್ಟಲಿಲ್ಲ. "ಅಣ್ಣ ಸಿಟ್ಟಾಗ್ತಾನ" ಎಂದಳು. ಮಗನ ಮೇಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಆ ದೇಶದಲ್ಲಿ ಎಂದೂ ಬಸ್ಸು ಹತ್ತದ ನಾನು ಹುಡುಗಿಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ದಾರಿ ಅವಳಿಗೆ ಗೊತ್ತಿತ್ತು.

ಅವಳು ಓಡಿದಳು, ಕೈಯೂರಿದಳು, ಹಾರಿದಳು. ಆಚೆಗೆ ಮಗುಚಿ ಬಿದ್ದಳು. ಅವಳು ಎದ್ದು ಮತ್ತೆ ಓಡಿದಳು.

ಸಂಜೆ ಸಿಡ್ನಿಯಿಂದ ಮಗನ ಫೋನ್ ಬಂತು. "ಹುಡುಗೀನ ಕ್ಲಾಸಿಗೆ ಕರ್ಕೊಂಡು ಹೋಗಿದ್ದಿ ಅಂತಲ್ಲ?"

"ಹೂಂ. ಬಸ್ಸಿನಾಗ ನೀ ತಂದ ಅಂಟಿನುಂಡಿ ತಿಂದ್ಕೋತ ಹೋದ್ವಿ" ಎಂದೆ.